ಮತಗಟ್ಟೆಯ ಅಧ್ಯಕ್ಷೆ ಒಬ್ದೂಲಿಯಾ

ಒಬ್ದೂಲಿಯಾ ನಮ್ಮೂರು ತೆಸೊಯಾಪಾಕ್ಕೆ ಬಂದಾಗ ಅವಳಿಗೆ ಹನ್ನೊಂದು ವರ್ಷ. ಬೆಟ್ಟದ ಮೇಲಿನ ಹಳ್ಳಿಯಿಂದ ಅವಳ ಚಿಕ್ಕಪ್ಪ ಲಾರಿಯ ಹಿಂದೆ ಕೂರಿಸಿಕೊಂಡು ಬಂದು, ಸಿಮೆಂಟು ಕಬ್ಬಿಣದ ವ್ಯಾಪಾರಿ ಡಾನ್ ಎವೆರಾರ್ದೊ ಅವರ ಅಡುಗೆಮನೆಯಲ್ಲಿ ಬಿಟ್ಟು ಹೋದ. ಗೌರವಕ್ಕೆ ಗಂಡಸರನ್ನು ಡಾನ್, ಹೆಂಗಸರನ್ನು ಡೋನ್ಯಾ ಅನ್ನುವುದು ನಮ್ಮ ರೂಢಿ. ಅವಳಿಗೆ ಆಗ ಸ್ಪ್ಯಾನಿಷ್ ಬರುತ್ತಿರಲಿಲ್ಲ, ಬೆಟ್ಟದವರ ಮಾತು ಮಾತ್ರ. ನಾನು ಅವಳಿಗಿಂತ ಎರಡು ವರ್ಷ ದೊಡ್ಡವಳು. ಚೌಕದ ಪಕ್ಕ ನಮ್ಮಪ್ಪನ ಪುಸ್ತಕ ಪೆನ್ಸಿಲಿನ ಅಂಗಡಿ ಇತ್ತು, ಶಾಲೆ ಬಿಟ್ಟ ಮೇಲೆ ಅಲ್ಲಿ ಕೂರುತ್ತಿದ್ದೆ. ಅವಳು ಒಂದು ಚೀಟಿ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅದರಲ್ಲಿ ಏನು ಬರೆದಿದೆ ಅಂತ ಅವಳಿಗೇ ಗೊತ್ತಿರುತ್ತಿರಲಿಲ್ಲ.

ಆ ಮನೆಯಲ್ಲಿ ಅವಳು ಮೂವತ್ತೈದು ವರ್ಷ ದುಡಿದಳು. ಒಲೆಯ ಪಕ್ಕ ನಿಂತೇ ಉಣ್ಣುತ್ತಿದ್ದಳು. ತಟ್ಟೆ ಬೇರೆ, ಲೋಟ ಬೇರೆ. ಯಾರೋ ಕೂತು ಮಾಡಿದ ಕಾನೂನಲ್ಲ ಅದು, ಬೆಟ್ಟದವರನ್ನು ಕೆಲಸಕ್ಕಿಟ್ಟುಕೊಂಡ ಎಲ್ಲ ಮನೆಗಳಲ್ಲೂ ಹಾಗೇ ನಡೆಯುತ್ತಿತ್ತು. ನಮ್ಮ ಮನೆಯಲ್ಲೂ ನಡೆಯುತ್ತಿತ್ತು. ಇಪ್ಪತ್ತಮೂರಕ್ಕೆ ಕಾಸ್ತುಲೊ ಎಂಬ ಗಾರೆ ಕೆಲಸದವನನ್ನು ಮದುವೆಯಾದಳು. ಅವನೂ ಬೆಟ್ಟದವನೇ. ಮಾತು ಕಡಿಮೆ, ಎತ್ತರದ ಮೇಲೆ ನಿಂತಾಗ ಮಾತ್ರ ಸಿಳ್ಳೆ ಹಾಕುತ್ತಿದ್ದ. ಮಕ್ಕಳಾಗಲಿಲ್ಲ. ಹೊಳೆ ದಂಡೆಯಲ್ಲಿ ಎರಡು ಕೋಣೆಯ ಮನೆಯನ್ನು ಅವನೇ ಕಟ್ಟಿದ.

ಮೂವತ್ತನಾಲ್ಕು ದಾಟಿದ ಮೇಲೆ ಅವಳು ದೊಡ್ಡವರಿಗಾಗಿ ನಡೆಯುವ ಭಾನುವಾರದ ತರಗತಿಗೆ ಸೇರಿದಳು. ಒಂದು ದಿನ ಮನೆಯೊಡತಿ ಡೋನ್ಯಾ ಗ್ರಾಸಿಯೆಲಾ ನಮ್ಮ ಅಂಗಡಿಯಲ್ಲಿ ನಿಂತು ನಗಾಡಿದರು.

"ನಮ್ಮ ಒಬ್ದೂಲಿಯಾ ಓದ್ತಾಳಂತೆ ಕಣೇ ಎರ್ಮಿಲಾ. ಇನ್ಮೇಲೆ ಬೀನ್ಸು ಸೀದು ಹೋದ್ರೂ ಭೂಗೋಳದಿಂದ ಕಾರಣ ತೆಗೆದು ಹೇಳ್ತಾಳೆ, ನೋಡ್ತಿರು."

ಒಬ್ದೂಲಿಯಾ ಹಿಂದೆ ಚೀಲ ಹಿಡಿದು ನಿಂತಿದ್ದಳು. "ಇಲ್ಲ ಡೋನ್ಯಾ, ಭೂಗೋಳ ಇನ್ನೂ ಪಾಸಾಗಿಲ್ಲ" ಅಂದಳು. ಮೂವರೂ ನಕ್ಕೆವು. ನಲವತ್ತು ತುಂಬುವಷ್ಟರಲ್ಲಿ ಅವಳು ಒಂಬತ್ತನೇ ತರಗತಿ ಮುಗಿಸಿದ್ದಳು.

ನಮ್ಮ ಮೆಕ್ಸಿಕೊದಲ್ಲಿ ಮತಗಟ್ಟೆಯಲ್ಲಿ ಕೂರುವವರು ಸರ್ಕಾರಿ ನೌಕರರಲ್ಲ, ಊರಿನವರೇ. ಚೀಟಿ ಎತ್ತಿ ಹೆಸರು ಆರಿಸುತ್ತಾರೆ, ಆಮೇಲೆ ಓದು ಬರಹ ಬಲ್ಲವರೊಬ್ಬರನ್ನು ಅಧ್ಯಕ್ಷರನ್ನಾಗಿ ಮಾಡುತ್ತಾರೆ. ಒಬ್ದೂಲಿಯಾಗೆ ನಲವತ್ತಾರಾದ ವರ್ಷ ಮೇಯರ್ ಚುನಾವಣೆ ಬಂತು, ನಮ್ಮ ಮತಗಟ್ಟೆಗೆ ಡೋನ್ಯಾ ಗ್ರಾಸಿಯೆಲಾ ಅಧ್ಯಕ್ಷೆ, ನಾನು ಕಾರ್ಯದರ್ಶಿ. ಮತ ಎಣಿಸಲು ಶಾಲೆಯ ಒಬ್ಬ ಮೇಷ್ಟ್ರು ಮತ್ತು ದನದ ಡಾಕ್ಟರು. ಯಾರಾದರೂ ತಪ್ಪಿಸಿಕೊಂಡರೆ ಬದಲಿಗೆ ಇರಲಿ ಅಂತ ಒಬ್ದೂಲಿಯಾ.

ಅದು ಯಾರಿಗೂ ಬೇಕಾಗಿದ್ದ ಕೆಲಸವಲ್ಲ. ಮೇಯರ್ ಸ್ಥಾನಕ್ಕೆ ನಿಂತಿದ್ದ ಮೂವರಲ್ಲಿ ಒಬ್ಬರನ್ನು ಮಾರ್ಚಿನಲ್ಲಿ ಪೆಟ್ರೋಲ್ ಬಂಕಿನ ಮುಂದೆ ಗುಂಡಿಟ್ಟು ಕೊಂದಿದ್ದರು. ಇನ್ನೊಬ್ಬರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟಿದ್ದರು. ಅಷ್ಟರಲ್ಲಿ ಮತಪತ್ರ ಅಚ್ಚಾಗಿ ಹೋಗಿತ್ತು, ಮೂರೂ ಹೆಸರು ಹಾಗೇ ಉಳಿದವು. ಉಳಿದ ಮೂರನೆಯವರು ಯಾರ ಕಡೆಯವರು ಅಂತ ಎಲ್ಲರಿಗೂ ಗೊತ್ತಿತ್ತು. ಬೆಟ್ಟದ ದಾರಿಯನ್ನು ಬಂದೂಕು ಹಿಡಿದು ಕಾಯುವವರನ್ನು ನಾವು ಹೆಸರಿಟ್ಟು ಕರೆಯುವುದಿಲ್ಲ, 'ಆ ಜನ' ಅನ್ನುತ್ತೇವೆ.

ತರಬೇತಿ ಕೊಡಲು ಜಿಲ್ಲಾ ಕಚೇರಿಯಿಂದ ಒಬ್ಬಳು ಹುಡುಗಿ ಬರುತ್ತಿದ್ದಳು. ಅವಳು ಎಲ್ಲರನ್ನೂ ಒಂದೇ ಸಮ 'ನೀವು' ಅನ್ನುತ್ತಿದ್ದಳು. "ಸೆನ್ಯೋರಾ ಒಬ್ದೂಲಿಯಾ, ನೀವು ಹೇಳಿ, ಗುರುತಿನ ಚೀಟಿ ಇಲ್ಲದೆ ಯಾರಾದ್ರೂ ಬಂದ್ರೆ ಏನ್ಮಾಡ್ಬೇಕು?" ಒಬ್ದೂಲಿಯಾ ಎದ್ದು ನಿಂತು ಉತ್ತರ ಹೇಳುತ್ತಿದ್ದಳು. ಕೂತೇ ಹೇಳಿ ಅಂದರೂ ಏಳುತ್ತಿದ್ದಳು. ತರಬೇತಿಯಲ್ಲಿ ಕೊಟ್ಟ ನಿಯಮದ ಪುಸ್ತಕವನ್ನು ಪೂರ್ತಿ ಓದಿದವಳು ನಮ್ಮ ಪೈಕಿ ಅವಳೊಬ್ಬಳೇ. ಡೋನ್ಯಾ ಗ್ರಾಸಿಯೆಲಾ ಎರಡು ಸಲ ಬಂದರು, ಆಮೇಲೆ ಬರಲಿಲ್ಲ.

ಜೂನಿನ ಆ ಭಾನುವಾರ ಬೆಳಿಗ್ಗೆ ಏಳೂವರೆಗೆ ಮತಗಟ್ಟೆಯಿದ್ದ ಶಾಲೆಯಲ್ಲಿ ನಾನು, ಒಬ್ದೂಲಿಯಾ ಇಬ್ಬರೇ ಇದ್ದೆವು. ಡೋನ್ಯಾ ಗ್ರಾಸಿಯೆಲಾಗೆ ತಲೆಸುತ್ತು ಅಂತ ಫೋನು ಬಂತು. ಮೇಷ್ಟ್ರು ಅಕ್ಕನ ಊರಿಗೆ ಹೋಗಿದ್ದರು. ದನದ ಡಾಕ್ಟರು ಫೋನೇ ಎತ್ತಲಿಲ್ಲ. ತರಬೇತಿಯ ಹುಡುಗಿ ಬಂದಳು, ಅವಳಿಗೆ ಇನ್ನೂ ನಾಲ್ಕು ಮತಗಟ್ಟೆ ಸುತ್ತುವುದಿತ್ತು. ಸಾಲಿನಲ್ಲಿ ಮೊದಲು ನಿಂತಿದ್ದ ಇಬ್ಬರನ್ನು ಎಣಿಕೆಗೆ ಅಂತ ಒಳಗೆ ಕರೆದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಸೆನ್ಯೋರಾ ಎರ್ಮಿಲಾ, ಅಧ್ಯಕ್ಷರು ಬರದಿದ್ರೆ ಕಾರ್ಯದರ್ಶಿ ಅಧ್ಯಕ್ಷರಾಗ್ಬೇಕು. ಅಂದ್ರೆ ನೀವು."

ನಾನು ಯೋಚಿಸಿ ಹೇಳಲಿಲ್ಲ. ಬಾಯಿಗೆ ತಾನಾಗೇ ಬಂತು.

"ನನ್ನ ಕೈಬರಹ ಚೆನ್ನಾಗಿದೆ ಕಣಮ್ಮ, ಬರೆಯೋದು ನಂಗಿರ್ಲಿ. ಒಬ್ದೂಲಿಯಾಗೆ ಪುಸ್ತಕ ಪೂರ್ತಿ ಬಾಯಿಗೆ ಬರುತ್ತೆ. ಅವಳೇ ಕೂತ್ಕೊಳ್ಲಿ."

ಹುಡುಗಿ ಗಡಿಯಾರ ನೋಡಿಕೊಂಡು "ಸರಿ" ಅಂದಳು. ಒಬ್ದೂಲಿಯಾ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಅಧ್ಯಕ್ಷರು ಅಂತ ಬರೆದಿದ್ದ ಬಿಲ್ಲೆಯನ್ನು ರವಿಕೆಗೆ ಸಿಕ್ಕಿಸಿಕೊಂಡು ನಡುವಿನ ಕುರ್ಚಿಯಲ್ಲಿ ಕೂತಳು.

ಜನ ಬಂದರು. ಬೇಸಿಗೆಯ ಸೆಕೆ, ಹಂಚಿನ ಕೆಳಗೆ ಕೂರಲಾಗುತ್ತಿರಲಿಲ್ಲ. ಬೀದಿಯಾಚೆ ಒಂದು ಬಿಳಿ ಗಾಡಿಗೆ ಒರಗಿಕೊಂಡು ನಾಲ್ಕೈದು ಜನ ನಿಂತಿದ್ದರು, ಅವರ ಕೈಯಲ್ಲಿ ವೈರ್‌ಲೆಸ್ ಇತ್ತು. ಬರುವವರು ಅವರನ್ನು ನೋಡದವರಂತೆ ಬಂದು ಮತ ಹಾಕಿ ನೋಡದವರಂತೆ ಹೋಗುತ್ತಿದ್ದರು.

ಹನ್ನೊಂದಕ್ಕೆ ಡಾನ್ ಎವೆರಾರ್ದೊ ಬಂದರು. ಮೇಜಿನ ಮುಂದೆ ನಿಂತು ಹೆಂಡತಿಯ ಕುರ್ಚಿಯಲ್ಲಿ ಒಬ್ದೂಲಿಯಾಳನ್ನು ಕಂಡರು.

"ಏನೇ, ನೀನೇನು ಇಲ್ಲಿ?"

"ನಿಮ್ಮ ಗುರುತಿನ ಚೀಟಿ ಕೊಡಿ, ಡಾನ್ ಎವೆರಾರ್ದೊ."

"ನಾನು ಯಾರಂತ ನಿಂಗೆ ಗೊತ್ತಿಲ್ವಾ? ಮೂವತ್ತೈದು ವರ್ಷ ನನ್ನ ಚಡ್ಡಿ ಒಗೆದಿದ್ದೀಯ."

ಸಾಲಿನಲ್ಲಿ ಒಂದಿಬ್ಬರು ಕಿಸಕ್ಕೆಂದರು. ಒಬ್ದೂಲಿಯಾ ನಗಲಿಲ್ಲ, ಸಿಟ್ಟಾಗಲೂ ಇಲ್ಲ.

"ಗೊತ್ತು. ಆದ್ರೂ ಚೀಟಿ ನೋಡ್ಬೇಕು."

ಅವರು ಕೊಟ್ಟರು. ಅವಳು ಪಟ್ಟಿಯ ಚಿತ್ರಕ್ಕೂ ಮುಖಕ್ಕೂ ತಾಳೆ ನೋಡಿ ಕಟ್ಟಿನಿಂದ ಮತಪತ್ರ ಹರಿದು ಕೊಟ್ಟಳು. ಮತ ಹಾಕಿ ಬಂದ ಮೇಲೆ ಅವರ ಹೆಬ್ಬೆರಳು ಹಿಡಿದು ಶಾಯಿ ಹಚ್ಚಿದಳು. ಅವಳು ಆ ಕೈಯನ್ನು ಮುಟ್ಟಿದ್ದು ಅದೇ ಮೊದಲು ಅಂತ ಕಾಣುತ್ತದೆ. ಅವರು ಹೊರಗೆ ಹೋಗುತ್ತಾ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡರು. ಅದು ಹೋಗುವ ಶಾಯಿಯಲ್ಲ.

ಬೀದಿ ಮೂಲೆಯಲ್ಲಿ ಬೆಳಿಗ್ಗೆಯಿಂದ ನಿಂತಿದ್ದ ಕಾವಲಿನ ಪೊಲೀಸ್ ಗಾಡಿ ಮೂರು ಗಂಟೆಗೆ ಊಟಕ್ಕೆ ಅಂತ ಹೋಯಿತು. ನಾಲ್ಕು ಇಪ್ಪತ್ತಕ್ಕೆ ಬೀದಿಯಾಚೆಯಿಂದ ಮೂವರು ಒಳಗೆ ಬಂದರು. ಮುಖ ಮುಚ್ಚಿರಲಿಲ್ಲ. ಇಬ್ಬರ ಹೆಗಲಲ್ಲಿ ಬಂದೂಕು. ನಡುವೆ ಇದ್ದವನು ಬೇಕರಿಯ ಆಂಪಾರೊಳ ಮಗ ಫಿದೆನ್ಸಿಯೊ. ಇಪ್ಪತ್ತನಾಲ್ಕೋ ಇಪ್ಪತ್ತೈದೋ ಇರಬೇಕು. ಅವರ ಅಂಗಡಿಯ ರೊಟ್ಟಿ ತಿನ್ನದ ಮನೆ ನಮ್ಮೂರಲ್ಲಿಲ್ಲ.

"ದೊಡ್ಡಮ್ಮ, ಯಾರಿಗೂ ತೊಂದ್ರೆ ಬೇಡ. ಡಬ್ಬಿ ಕೊಡಿ" ಅಂದ. ದನಿ ಮೆತ್ತಗೇ ಇತ್ತು.

"ಆರು ಗಂಟೆವರೆಗೂ ಟೈಮಿದೆ ಮಗಾ. ಇನ್ನೂ ಜನ ಸಾಲಲ್ಲಿದ್ದಾರೆ."

"ಎಲ್ಲಿದ್ದಾರೆ?"

ಅವಳು ಬಾಗಿಲ ಕಡೆ ನೋಡಿದಳು. ಸಾಲು ಇರಲಿಲ್ಲ, ಎಣಿಕೆಗೆ ಕೂರಿಸಿದ್ದ ಇಬ್ಬರೂ ಇರಲಿಲ್ಲ. ಯಾರೋ ಬಿಟ್ಟು ಹೋದ ಛತ್ರಿಯೊಂದು ನೆಲದ ಮೇಲೆ ಬಿದ್ದಿತ್ತು.

ಅವರೇ ಡಬ್ಬಿ ಎತ್ತಿಕೊಂಡರು. ಉಳಿದ ಮತಪತ್ರದ ಕಟ್ಟುಗಳನ್ನೂ ಎತ್ತಿಕೊಂಡರು. ಹೋಗುವಾಗ ಫಿದೆನ್ಸಿಯೊ ನನಗೆ "ಬರ್ತೀನಿ ಡೋನ್ಯಾ" ಅಂದ, ಅಂಗಡಿಯಿಂದ ಹೊರಡುವವನ ಹಾಗೆ. ಎಲ್ಲ ಸೇರಿ ಎರಡು ನಿಮಿಷ ಆಗಿರಬಹುದು.

ಏನಾದರೂ ನಡೆದರೆ ಬರೆಯಲಿಕ್ಕೆ ಒಂದು ಹಾಳೆ ಇರುತ್ತದೆ. ಎಷ್ಟು ಹೊತ್ತಿಗೆ, ಏನಾಯಿತು ಅಂತ ಕಾರ್ಯದರ್ಶಿ ಬರೆಯಬೇಕು. ನಾನು ಪೆನ್ನು ತೆಗೆದೆ. ಸಮಯ ಬರೆದೆ. ಮುಂದಕ್ಕೆ ಕೈ ಹೋಗಲಿಲ್ಲ. ಒಬ್ದೂಲಿಯಾ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು ಬರೆದಳು. ದೊಡ್ಡ ದೊಡ್ಡ ಅಕ್ಷರ, ಎರಡು ಕಡೆ ಕಾಗುಣಿತ ತಪ್ಪು. 'ಮೂರು ಜನ ಬಂದು ಮತದ ಡಬ್ಬಿ ತೆಗೆದುಕೊಂಡು ಹೋದರು. ಇಬ್ಬರ ಪರಿಚಯ ಇಲ್ಲ. ಒಬ್ಬ ಬೇಕರಿಯ ಫಿದೆನ್ಸಿಯೊ.'

"ಹೆಸರು ಯಾಕೆ ಬರೀತೀಯೇ?" ಅಂದೆ. "ಅಪರಿಚಿತರು ಅಂತ ಹಾಕು."

"ಅಪರಿಚಿತ ಅಲ್ವಲ್ಲ ಅಕ್ಕ. ನಿನ್ನೆ ಅವರಂಗಡೀಲಿ ರೊಟ್ಟಿ ತಗೊಂಡೆ."

"ಒಬ್ದೂಲಿಯಾ..."

"ನೋಡಿದ್ದು ಬರೀರಿ ಅಂತ ಆ ಹುಡುಗಿ ಹೇಳಿದ್ಲಲ್ಲ. ಹೆಚ್ಚೂ ಬೇಡ, ಕಡಿಮೇನೂ ಬೇಡ ಅಂತ."

ಅವಳ ದನಿಯಲ್ಲಿ ಧೈರ್ಯ ಗೀರ್ಯ ಏನೂ ಇರಲಿಲ್ಲ. ಬೇಕಾದ ಸಾಮಾನಿನ ಪಟ್ಟಿ ಓದುವಂತೆ ಹೇಳಿದಳು. ಸಹಿ ಮಾಡಿದಳು. ನಾನೂ ಮಾಡಿದೆ, ಓದಲು ಬಾರದ ಹಾಗೆ ಗೀಚಿ. ಆ ಹಾಳೆಗೆ ಕೆಳಗೆ ಕಾರ್ಬನ್ ಪ್ರತಿಗಳಿರುತ್ತವೆ, ಮತಗಟ್ಟೆಯಲ್ಲಿ ಕೂರುವ ಒಂದೊಂದು ಪಕ್ಷದ ಏಜೆಂಟನಿಗೂ ಒಂದು. ಗೆಲ್ಲಲಿದ್ದ ಆ ಮೂರನೆಯವರ ಏಜೆಂಟ್ ಒಬ್ಬನೇ ಅಲ್ಲಿ ಉಳಿದಿದ್ದ. ತನ್ನ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಹೋದ.

ಜಿಲ್ಲಾ ಕಚೇರಿಯಲ್ಲಿ ನಮ್ಮ ಕಾಗದಕ್ಕೆ ಮೊಹರು ಒತ್ತಿ ರಸೀದಿ ಕೊಟ್ಟರು. ಒಂದೊಂದು ಊಟದ ಪೊಟ್ಟಣವನ್ನೂ ಕೊಟ್ಟರು. ನಮ್ಮ ಮತಗಟ್ಟೆಯ ಮತ ಲೆಕ್ಕಕ್ಕೆ ಬರಲಿಲ್ಲ. ಅದು ಬಂದಿದ್ದರೂ ಏನೂ ಬದಲಾಗುತ್ತಿರಲಿಲ್ಲ ಅಂದರು, ಮೂರನೆಯವರು ಅಷ್ಟು ಮುಂದಿದ್ದರು.

ಸೋಮವಾರ ಒಬ್ದೂಲಿಯಾ ಎಂದಿನಂತೆ ಕೆಲಸಕ್ಕೆ ಹೋದಳು. ಬಾಗಿಲಲ್ಲೇ ಡೋನ್ಯಾ ಗ್ರಾಸಿಯೆಲಾ ನಿಂತಿದ್ದರು.

"ಸ್ವಲ್ಪ ದಿನ ಬರ್ಬೇಡ ಕಣೇ. ನಿಂಗೂ ರೆಸ್ಟ್ ಬೇಕು."

"ನಿಮ್ಮ ತಲೆಸುತ್ತು ಹೇಗಿದೆ ಡೋನ್ಯಾ?"

"ಇದೆ ಹಾಗೇ."

"ಒಲೆ ಮೇಲೆ ಮೆಕ್ಕೆಜೋಳ ನೆನೆಹಾಕಿಟ್ಟಿದ್ದೆ. ಇವತ್ತು ರುಬ್ಬಿಸ್ದಿದ್ರೆ ಹುಳಿಯಾಗುತ್ತೆ" ಅಂತ ಹೇಳಿ ವಾಪಸ್ ಬಂದಳು. ಸ್ವಲ್ಪ ದಿನ ಅನ್ನುವುದು ಮುಗಿಯಲೇ ಇಲ್ಲ. ಆ ಮನೆಗೆ ಬೇರೆ ಹುಡುಗಿ ಬಂದಳು, ಬೆಟ್ಟದವಳೇ.

ಊರಿನವರು ಅವಳಿಗೆ ಬೆನ್ನು ತಿರುಗಿಸಿದರು ಅಂತ ಹೇಳಿದರೆ ತಪ್ಪಾಗುತ್ತದೆ. ಕಂಡರೆ ಮಾತಾಡಿಸುತ್ತಿದ್ದರು. ಆದರೆ ಕಾಣದಂತೆ ನೋಡಿಕೊಳ್ಳುತ್ತಿದ್ದರು. ನಾನೂ ಅಷ್ಟೇ. ಅವಳು ಚೌಕದಲ್ಲಿ ಬರುವುದು ಕಂಡರೆ ಒಳಗೆ ಹೋಗಿ ಕಾಗದದ ರೀಮು ಜೋಡಿಸುತ್ತಿದ್ದೆ. ಏನೋ ಆಗುತ್ತದೆ ಅಂತ ಎಲ್ಲರೂ ಕಾಯುತ್ತಿದ್ದೆವು. ಜೂನ್ ಮುಗಿಯಿತು, ಜುಲೈ ಮುಗಿಯಿತು. ಏನೂ ಆಗಲಿಲ್ಲ.

ಆಗಸ್ಟಿನ ಎರಡನೇ ಬುಧವಾರ ಕಾಸ್ತುಲೊ ಕೆಲಸದಿಂದ ಮನೆಗೆ ಬರಲಿಲ್ಲ. ಮಧ್ಯಾಹ್ನದ ಊಟಕ್ಕೆ ತೊರ್ತಿಯಾ ರೊಟ್ಟಿ ತರುತ್ತೇನೆ ಅಂತ ಸಾರುವೆಯಿಂದ ಇಳಿದು ಹೋದವನು, ಅಷ್ಟೇ. ಅವನ ಕರಣೆ, ಗಾರೆಯ ಬಾಣಲೆ ಅಲ್ಲೇ ಇದ್ದವು. ಬಾಣಲೆಯಲ್ಲಿ ಕಲಸಿಟ್ಟ ಗಾರೆ ಗಟ್ಟಿಯಾಗಿತ್ತು.

ದೂರು ಕೊಡಲು ಅವಳು ಒಬ್ಬಳೇ ಹೋದಳು. ಎಷ್ಟೋ ತಿಂಗಳಾದ ಮೇಲೆ ಅವಳೇ ನನಗೆ ಹೇಳಿದ್ದು. ಗುಮಾಸ್ತ ಕೇಳಿದನಂತೆ, "ಕುಡೀತಿದ್ನಾ? ಬೇರೆ ಹೆಂಗಸು?" ಇಲ್ಲ ಅಂದಳು. "ಯಾರ ಮೇಲಾದ್ರೂ ಅನುಮಾನ?" ಅಂದ. ಅವಳು ಫಿದೆನ್ಸಿಯೊನ ಹೆಸರು ಹೇಳಿದಳು. ಗುಮಾಸ್ತ ಟೈಪು ಮಾಡುವುದನ್ನು ನಿಲ್ಲಿಸಿ ಅವಳನ್ನು ನೋಡಿದ. ಆಮೇಲೆ ಮತ್ತೆ ಟೈಪು ಮಾಡಿದ. ಓದಿ ಸಹಿ ಮಾಡಿ ಅಂತ ಕೊಟ್ಟಾಗ ಅದರಲ್ಲಿ 'ಅಪರಿಚಿತರು' ಅಂತಿತ್ತು.

"ನೀನೇನಂದೆ?" ಅಂತ ಕೇಳಿದೆ.

"ಸಹಿ ಮಾಡ್ದೆ. ಮಾಡ್ದಿದ್ರೆ ದೂರೇ ತಗೊಳ್ಳಲ್ಲ ಅಂದ."

ಅವಳು ಅತ್ತಿದ್ದನ್ನು ನಾನು ನೋಡಲಿಲ್ಲ. ಬೇರೆ ಯಾರೂ ನೋಡಿಲ್ಲ. ಬಟ್ಟೆ ಒಗೆದು ಕೊಡುವ ಕೆಲಸ ಹಿಡಿದಳು. ಕಾಸ್ತುಲೊನ ಎರಡು ಅಂಗಿಯನ್ನೂ ವಾರಕ್ಕೊಮ್ಮೆ ಜೊತೆಗೇ ಒಗೆದು ಒಣಹಾಕುತ್ತಿದ್ದಳು. ಯಾರೋ ಯಾಕೆ ಅಂತ ಕೇಳಿದ್ದಕ್ಕೆ "ಧೂಳು ಕೂರುತ್ತೆ" ಅಂದಳಂತೆ.

ಅವಳು ರೊಟ್ಟಿ ತರಲು ಆಂಪಾರೊಳ ಬೇಕರಿಗೇ ಹೋಗುತ್ತಿದ್ದಳು. ಅದು ಮಾತ್ರ ಊರಿಗೆ ಅರ್ಥವಾಗಲಿಲ್ಲ. ಸೆಪ್ಟೆಂಬರಿನಲ್ಲಿ ಒಂದು ದಿನ ನಾನು ಆ ಬೇಕರಿಯೊಳಗಿದ್ದಾಗ ಅವಳು ಬಂದಳು. ತಟ್ಟೆಯಲ್ಲಿ ಎರಡು ಬನ್ನು ಎತ್ತಿಟ್ಟುಕೊಂಡು ಗಲ್ಲಾದ ಮುಂದೆ ನಿಂತಳು.

"ಡೋನ್ಯಾ ಆಂಪಾರೊ, ನಿಮ್ಮ ಮಗನ್ನ ಒಂದು ಮಾತು ಕೇಳ್ತೀರಾ? ಕಾಸ್ತುಲೊನ ಎಲ್ಲಿ ಬಿಟ್ರು ಅಂತ. ಯಾಕೆ, ಯಾರು, ಅದೇನೂ ಬೇಡ ನಂಗೆ."

ಆಂಪಾರೊ ಬನ್ನನ್ನು ಕಾಗದದಲ್ಲಿ ಸುತ್ತಿದಳು. ಮತ್ತೆ ಬಿಚ್ಚಿ ಮತ್ತೆ ಸುತ್ತಿದಳು.

"ಅವ್ನು ನನ್ನ ಹತ್ರ ಮಾತಾಡಲ್ಲ."

"ಮಾತಾಡಿದಾಗ ಕೇಳಿ."

ಪ್ರತಿ ದಿನ ಹೋಗಿ ಎರಡು ಬನ್ನು ತಂದಳು. ಮತ್ತೆ ಕೇಳಲಿಲ್ಲ. ನವೆಂಬರ್ ಮೊದಲ ವಾರ, ಸತ್ತವರ ಹಬ್ಬಕ್ಕೆ ಎಲ್ಲರ ಮನೆಯಲ್ಲೂ ಚೆಂಡುಹೂವು ಮೋಂಬತ್ತಿ ಇಡುವ ಹೊತ್ತಿಗೆ, ಒಬ್ದೂಲಿಯಾ ಏನೂ ಇಡಲಿಲ್ಲ. ಇಡಬೇಕೋ ಬೇಡವೋ ಅವಳಿಗೆ ಗೊತ್ತಿರಲಿಲ್ಲ. ಹಬ್ಬದ ಮಾರನೇ ದಿನ ಆಂಪಾರೊ ರೊಟ್ಟಿ ಕೊಡುತ್ತಾ ಅವಳ ಮುಖ ನೋಡದೆ ಹೇಳಿದಳು.

"ಹಳೇ ಸುಣ್ಣದ ಗೂಡಿನ ಕಡೆ ಸೌದೆಗೆ ಹೋಗ್ಬೇಡಮ್ಮ ಅಂತ ಹೇಳ್ದ. ನಂಗೆ ಹೇಳಿದ್ದು. ನಾನು ಸೌದೆಗೆ ಯಾವತ್ತೂ ಹೋದವ್ಳಲ್ಲ."

ಒಬ್ದೂಲಿಯಾ ನನ್ನ ಅಂಗಡಿಗೆ ಬಂದಳು. ಐದು ತಿಂಗಳಾದ ಮೇಲೆ ಬಾಗಿಲಲ್ಲಿ ಹಾಗೆ ನಿಂತದ್ದು ಅದೇ ಮೊದಲು. "ಅಕ್ಕ, ನಿಮ್ಮ ಹತ್ರ ಹಾರೆ ಇದೆಯಾ?" ಅಂದಳು. ಈ ಸಲ ಒಳಗೆ ಹೋಗಲು ನನಗೆ ಆಗಲಿಲ್ಲ. ಹಾರೆ ಕೊಟ್ಟೆ, ನಾನೂ ಹೋದೆ. ನಮ್ಮ ಪಾದ್ರಿಯೂ ಬಂದರು. ಹನ್ನೆರಡು ಗಂಟೆಯ ಬಿಸಿಲು. ಗೂಡಿನ ಹಿಂದೆ ಒಂದು ಕಡೆ ಹುಲ್ಲು ಬೇರೆ ಬಣ್ಣದ್ದಿತ್ತು. ಹೆಚ್ಚು ಆಳ ಇರಲಿಲ್ಲ. ಅವನ ಪ್ಯಾಂಟಿನ ಮಂಡಿಯ ತೇಪೆಯನ್ನು ಅವಳೇ ಹಾಕಿದ್ದು, ಆ ಹೊಲಿಗೆಯಿಂದ ಗುರುತು ಹಿಡಿದಳು. "ಇವ್ನೇ" ಅಂದಳು. ಪಾದ್ರಿ ಪ್ರಾರ್ಥನೆ ಮಾಡುವಾಗ ಅವಳು ನೆಟ್ಟಗೆ ನಿಂತು, ಹಾರೆಗೆ ಅಂಟಿದ ಮಣ್ಣನ್ನು ಕೋಲಿನಿಂದ ಕೆರೆಯುತ್ತಿದ್ದಳು.

ಹೂಳುವ ದಿನ ಊರಿನವರು ಒಂದೇ ಮಾತಾಡಿಕೊಂಡರು. ಅವಳ ಅದೃಷ್ಟ ಚೆನ್ನಾಗಿದೆ, ಸಿಕ್ಕಿದ. ಅದು ಕುಹಕವಲ್ಲ. ನಮ್ಮೂರಲ್ಲಿ ಸಿಗದವರೇ ನಲವತ್ತಕ್ಕೂ ಹೆಚ್ಚು.

ಆಮೇಲೆ ಅವಳನ್ನು ನನ್ನ ಅಂಗಡಿಗೆ ಕರೆದೆ. ಜೆರಾಕ್ಸ್ ಯಂತ್ರ ನೋಡಿಕೊಳ್ಳಲು ಜನ ಬೇಕಿತ್ತು ಅಂತ ಹೇಳಿದೆ. ಬಂದಳು. ಮೊದಲ ವಾರವೇ ಒಂದು ಮಧ್ಯಾಹ್ನ, ಗಿರಾಕಿ ಇಲ್ಲದ ಹೊತ್ತು, ಬೀನ್ಸು ತೊರ್ತಿಯಾ ಬಿಚ್ಚಿಕೊಂಡು ಇಬ್ಬರೂ ಒಂದೇ ಮೇಜಿಗೆ ಕೂತಿದ್ದೆವು. ನಾನು ಹೇಳಿದೆ.

"ಒಬ್ದೂಲಿಯಾ, ಆ ದಿನ ಆ ಕುರ್ಚಿ ನಂದು. ನಾನು ಕೂರ್ಬೇಕಿತ್ತು."

"ಗೊತ್ತು."

"ಗೊತ್ತಿತ್ತಾ?"

"ಪುಸ್ತಕದಲ್ಲಿ ಬರೆದಿತ್ತಲ್ಲ ಅಕ್ಕ. ಓದಿದ್ದೆ."

"ಮತ್ತೆ ಯಾಕೆ ಸುಮ್ಮನಿದ್ದೆ?"

ಅವಳು ತುತ್ತನ್ನು ನುಂಗಿದಳು. "ನಿಮ್ಮ ಮುಖ ಬಿಳಿಚಿಕೊಂಡಿತ್ತು" ಅಂದಳು. "ಉಪ್ಪು ಕೊಡಿ."

ನಾನು ಉಪ್ಪು ಕೊಟ್ಟೆ. ಆಮೇಲೆ ನಾವು ಆ ಮಾತನ್ನು ಎತ್ತಿಲ್ಲ. ಅವಳು ನನ್ನನ್ನು ಕ್ಷಮಿಸಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಅದರ ಬಗ್ಗೆ ಅವಳು ಯೋಚಿಸುತ್ತಾಳೆ ಅಂತಲೂ ಅನ್ನಿಸುವುದಿಲ್ಲ.

ಒಂದೇ ಒಂದು ಕೇಳಿಕೊಂಡಳು, ಮಂಗಳವಾರ ರಜೆ. ಮಂಗಳವಾರ ಹತ್ತು ಹದಿನೈದು ಹೆಂಗಸರು ಕಬ್ಬಿಣದ ಸಲಾಕೆ ಹಿಡಿದು ಬೆಟ್ಟಕ್ಕೆ ಹೋಗುತ್ತಾರೆ. ಗಂಡನನ್ನೋ ಮಗನನ್ನೋ ಹುಡುಕುವವರು. ಸಲಾಕೆಯನ್ನು ನೆಲಕ್ಕೆ ಇಳಿಸಿ, ತೆಗೆದು, ಹೆಣದ ವಾಸನೆ ಇದೆಯಾ ಅಂತ ತುದಿಯನ್ನು ಮೂಸುತ್ತಾರೆ. ಹುಲ್ಲಿನ ಬಣ್ಣ ನೋಡಿ ಜಾಗ ಹೇಳುವುದರಲ್ಲಿ ಒಬ್ದೂಲಿಯಾಳನ್ನು ಮೀರಿಸಿದವರಿಲ್ಲ ಅಂತ ಅವರು ಹೇಳುತ್ತಾರೆ. ಇದುವರೆಗೆ ಆರು ಜನರನ್ನು ತೋರಿಸಿಕೊಟ್ಟಿದ್ದಾಳೆ.

ಈ ವರ್ಷ ಫೆಬ್ರವರಿಯಲ್ಲಿ ಆಂಪಾರೊ ನಮ್ಮ ಅಂಗಡಿಗೆ ಬಂದಳು. ಕೈಯಲ್ಲಿ ಫಿದೆನ್ಸಿಯೊನ ಫೋಟೋ ಇತ್ತು, ಶಾಲೆಯ ಸಮವಸ್ತ್ರದಲ್ಲಿ ತೆಗೆಸಿದ್ದು. ಅದಕ್ಕಿಂತ ಹೊಸದು ಮನೆಯಲ್ಲಿ ಇರಲಿಲ್ಲವಂತೆ. ಕ್ರಿಸ್ಮಸ್ ಆದ ಮೇಲೆ ಅವನು ಕಂಡಿಲ್ಲ. ಅವನ ಕಡೆಯವರೇ ಏನೋ ಮಾಡಿದರು ಅಂತ ಕೆಲವರು, ಎದುರಿನವರು ಅಂತ ಕೆಲವರು. ಆಂಪಾರೊ ನನ್ನನ್ನೇ ನೋಡುತ್ತಾ ಫೋಟೋ ಮುಂದೆ ಚಾಚಿದಳು. ಒಬ್ದೂಲಿಯಾ ಬಂದು ತೆಗೆದುಕೊಂಡಳು.

"ಎಷ್ಟು ಕಾಪಿ?"

"ಐವತ್ತು."

"ಕೆಳಗೆ ಹೆಸರು ಬರೀಬೇಕಾ?"

"ಬರೀಬೇಕು."

ಒಬ್ದೂಲಿಯಾ ಬರೆದಳು, ಅದೇ ದೊಡ್ಡ ಅಕ್ಷರದಲ್ಲಿ. ಕಾಪಿ ತೆಗೆದು ಅಂಚು ಸಮ ಮಾಡಿ ಕೊಟ್ಟಳು. "ಮಂಗಳವಾರ ಆರೂವರೆಗೆ ಇಗರ್ಜಿ ಮುಂದೆ ಬನ್ನಿ. ಟೋಪಿ ಹಾಕ್ಕೊಂಡು ಬನ್ನಿ, ಬಿಸಿಲು ಜಾಸ್ತಿ" ಅಂದಳು. ಆಂಪಾರೊ ತಲೆಯಾಡಿಸಿ ಹೋದಳು.

ಈಗ ಅವರಿಬ್ಬರೂ ಜೊತೆಗೇ ಹೋಗುತ್ತಾರೆ. ಆಂಪಾರೊ ಎಲ್ಲರಿಗೂ ಬನ್ನು ತರುತ್ತಾಳೆ. ಇನ್ನೂ ಅವನು ಸಿಕ್ಕಿಲ್ಲ. ನನ್ನನ್ನು ಯಾರೂ ಕರೆದಿಲ್ಲ, ನಾನೂ ಬರುತ್ತೇನೆ ಅಂದಿಲ್ಲ. ಮಂಗಳವಾರ ಅಂಗಡಿಯಲ್ಲಿ ನಾನೊಬ್ಬಳೇ ಇರುತ್ತೇನೆ. ಗಿರಾಕಿಗಳು ಒಬ್ದೂಲಿಯಾ ಎಲ್ಲಿ ಅಂತ ಕೇಳುತ್ತಾರೆ. ಬೆಟ್ಟಕ್ಕೆ ಹೋಗಿದ್ದಾಳೆ, ನಾಳೆ ಬರುತ್ತಾಳೆ ಅನ್ನುತ್ತೇನೆ.